ಹೊಂಗೆ ಮರದ ಎಡಕ್ಕೆ ನಿಂತಿದ್ದವರು

ಸೊಪ್ಪಿನ ಪಿಳ್ಳಮ್ಮ ನಮ್ಮ ಹಾಲ್‌ನ ಗೋಡೆಯ ಮುಂದೆ ನಿಂತು, "ಇಲ್ಲಿ ನಮ್ಮೆಜಮಾನ್ರು ಇರ್ಬೇಕಿತ್ತಲ್ಲಾ ಸಾಮಿ?" ಅಂದರು.

ನೀರಿನ ಲೋಟ ಹಿಡಿದು ಬರುತ್ತಿದ್ದ ನಾನು ಅಲ್ಲೇ ನಿಂತೆ.

ಮೊದಲು ಪಿಳ್ಳಮ್ಮ ಯಾರೆಂದು ಹೇಳಿಬಿಡುತ್ತೇನೆ. ನಾವು ಅಬ್ಬಿಗೆರೆಯ ಈ ಅಪಾರ್ಟ್‌ಮೆಂಟಿಗೆ ಬಂದು ಮೂರು ವರ್ಷವಾಯಿತು. ಕಾಂಪೌಂಡಿನ ಪಕ್ಕದಲ್ಲೊಂದು ಖಾಲಿ ಸೈಟ್ ಇದೆ. ಅದರಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಬೆಳೆದು ಮನೆಮನೆಗೆ ತಂದುಕೊಡುವ, ಎಪ್ಪತ್ತರ ಆಚೀಚಿನ ಹೆಂಗಸು ಪಿಳ್ಳಮ್ಮ. ಇದೇ ಊರಿನವರು. (ಅಬ್ಬಿಗೆರೆ ಊರಾಗಿದ್ದಾಗಿನಿಂದಲೂ. ಈಗ ಅದು ಬರೀ ಒಂದು ಪಿನ್‌ಕೋಡ್.) ಎರಡು ಬೀದಿ ಆಚೆ ಸ್ವಂತ ಮನೆಯಿದೆ. ಮಗಳು ಭಾಗ್ಯ ಮನೆಯಲ್ಲೇ ಟೈಲರಿಂಗ್ ಮಾಡುತ್ತಾಳೆ. ಪಿಳ್ಳಮ್ಮ ದುಡಿಯಲೇಬೇಕೆಂದಿಲ್ಲ. ಆದರೂ ಬೆಳಗಾದರೆ ಸೊಪ್ಪಿನ ಬುಟ್ಟಿ. ಯಾಕೆ ಅಂತ ಕೇಳಿದರೆ, "ಮಣ್ಣು ಮುಟ್ನಿಲ್ಲ ಅಂದ್ರೆ ಕೈ ಕಡೀತದೆ" ಅನ್ನುತ್ತಾರೆ.

ಯಾವತ್ತೂ ಬಾಗಿಲಲ್ಲೇ ಮಾತು ಮುಗಿಸುವವರು ಅವತ್ತು ಬಿಸಿಲಿಗೆ ಬಳಲಿದ್ದರು. ನನ್ನ ಹೆಂಡತಿ ಸುಧಾ ಒಳಗೆ ಕರೆದು ಫ್ಯಾನಿನ ಕೆಳಗೆ ಕೂರಿಸಿದಳು. ಕೂತವರು ಸುಧಾರಿಸಿಕೊಂಡು ಸುತ್ತ ನೋಡಿದರು. ಕಣ್ಣು ಗೋಡೆಯ ಮೇಲೆ ನಿಂತಿತು. ಎದ್ದು ಹತ್ತಿರ ಹೋದರು.

ಗೋಡೆಯ ಮೇಲಿರುವುದು ನಾನು ತೆಗೆದ ಫೋಟೊ. ಬ್ಲ್ಯಾಕ್ ಅಂಡ್ ವೈಟ್. ಬೆಳಗಿನ ಮಂಜು, ಖಾಲಿ ಬಯಲು, ಒಂದೇ ಒಂದು ಹೊಂಗೆ ಮರ, ಮೇಲೆ ಆಕಾಶ. ಮೂವತ್ತು ವರ್ಷದ ಹಿಂದೆ ಒಂದು ಸ್ಪರ್ಧೆಯಲ್ಲಿ ಇದಕ್ಕೆ ಎರಡನೇ ಬಹುಮಾನ ಬಂದಿತ್ತು. ಎಷ್ಟು ಮನೆ ಬದಲಿಸಿದರೂ ಮೊದಲ ಮೊಳೆ ಹೊಡೆಯುವುದು ಇದಕ್ಕೇ. ಬಂದವರಿಗೆಲ್ಲ ತೋರಿಸಿ, "ಇದು ಎಲ್ಲಿ ಹೇಳಿ ನೋಡೋಣ?" ಅಂತ ಕೇಳುವುದು ನನ್ನ ಚಟ. ಯಾರೂ ಹೇಳಿದ್ದಿಲ್ಲ. ಒಬ್ಬರಂತೂ ಸ್ಕಾಟ್‌ಲೆಂಡ್ ಅಂದಿದ್ದರು.

ಪಿಳ್ಳಮ್ಮನನ್ನು ನಾನು ಕೇಳಲೇ ಇಲ್ಲ. ಅವರೇ ಹೇಳಿದರು.

"ಇದು ನಮ್ ಒಂಗೆ ಮರ. ಸಿಡ್ಲು ಒಡ್ದು ಒಂದ್ ಕೊಂಬೆ ಓಗಿತ್ತು, ನೋಡಿ ಇಲ್ಲೈತೆ ಗುರ್ತು. ಇದ್ರ ಎಡ್ಗಡೀಕೆ ನಿಂತ್ಕಳಾನು ಆವಯ್ಯ. ದಿನಾ ಬೆಳಿಗ್ಗೆ. ಇಲ್ಲಿ."

ಅವರ ಬೆರಳು ಮರದಿಂದ ಎಡಕ್ಕೆ ಸರಿಯಿತು. ಫ್ರೇಮ್ ದಾಟಿತು. ಬರೀ ಗೋಡೆಯ ಮೇಲೆ, ಸುಣ್ಣದ ಮೇಲೆ ನಿಂತಿತು.

"ಒಂದ್ ಫೋಟೊ ಇಲ್ಲ ಸಾಮಿ ಆವಯ್ಯಂದು. ಓಟಿನ್ ಕಾರ್ಡು ಬರಾಕ್ ಮುಂಚೇನೇ ಓದ. ಮೂರ್ ದಿನ ಜರ ಬಂತು, ಅಷ್ಟೆಯಾ. ನಮ್ ಭಾಗ್ಯಂಗೆ ನಾಕ್ ವರ್ಸ ಆಗ. ಅದ್ಕೆ ಅಪ್ಪನ್ ಮೊಕಾನೇ ಗ್ಯಾನ ಇಲ್ಲ."

ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಎರಡು ಕಟ್ಟು ದಂಟು ಇಟ್ಟು ಹೊರಟುಹೋದರು.

"ಏನ್ರೀ, ಮುಖ ಯಾಕೆ ಹಂಗಾಯ್ತು?" ಸುಧಾ ಕೇಳಿದಳು.

ಪಿಳ್ಳಮ್ಮ ಹೇಳಿದ್ದು ನಿಜ. ಆ ಮರದ ಎಡಕ್ಕೆ ಒಬ್ಬ ಮನುಷ್ಯ ನಿಂತಿದ್ದ. ಅವನನ್ನು ತೆಗೆದುಹಾಕಿದವನು ನಾನೇ.

ಆಗ ನನಗೆ ಇಪ್ಪತ್ನಾಲ್ಕು. ಆರ್.ಟಿ. ನಗರದಲ್ಲಿ ಮಹಡಿಯ ಮೇಲೊಂದು ಬಾಡಿಗೆ ರೂಮು. ಕೆಲಸ, ಲೇಔಟ್ ಪ್ಲಾನ್ ಬರೆಯುವ ಒಂದು ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್. ಅಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರದೋ ಹೊಲದ ಮೇಲೆ ಸ್ಕೇಲಿಟ್ಟು ಗೆರೆ ಎಳೆಯುವುದು. ಮೂವತ್ತು-ನಲವತ್ತರ ಸೈಟು, ಮಧ್ಯೆ ರೋಡು, ಮೂಲೆಯಲ್ಲೊಂದು ಪಾರ್ಕು. (ಆ ಪಾರ್ಕುಗಳೆಲ್ಲ ಆಮೇಲೆ ಏನಾದವು ಅಂತ ದಯವಿಟ್ಟು ಕೇಳಬೇಡಿ.)

ನನ್ನ ರೂಮಿನ ಕೆಳಗಿತ್ತು ಬಷೀರ್ ಸಾಹೇಬರ ಫೋಟೊ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜು, ಮದುವೆ, ನಾಮಕರಣ. ಅವರಿಗಾಗ ನಲವತ್ತೈದಿರಬಹುದು. ಬೇರೆ ಸ್ಟುಡಿಯೋಗಳಲ್ಲಿ ಕಾಯುವವರಿಗೆ ಸಿನಿಮಾ ಪತ್ರಿಕೆ ಇಡುತ್ತಿದ್ದರು. ಇಲ್ಲಿ ಬೆಂಚಿನ ಮೇಲಿನ ಶೆಲ್ಫಿನಲ್ಲಿ ಫೋಟೊ ಪುಸ್ತಕಗಳು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹುಡುಕಿ ಹುಡುಕಿ ತಂದವು. ಒಂದೊಂದೂ ಇಟ್ಟಿಗೆಯಷ್ಟು ತೂಕ.

"ಪಾಸ್‌ಪೋರ್ಟ್ ಫೋಟೊ ತೆಗೆಯೋರಿಗೆ ಇವೆಲ್ಲ ಯಾಕೆ ಸಾಹೇಬ್ರೆ?" ಅಂತ ಒಮ್ಮೆ ಕೇಳಿದ್ದೆ.

"ದಿನಾ ಬರೀ ಮುಖ ನೋಡ್ತೀನಲ್ಲಪ್ಪ. ಕಣ್ಣಿಗೆ ಸ್ವಲ್ಪ ಗಾಳಿ ಬೇಡ್ವಾ?" ಅಂದಿದ್ದರು.

ಅವರದು ಎರಡೇ ರೂಲ್ಸ್. ಕೈ ತೊಳೆದುಕೊಂಡು ಬರಬೇಕು. ಹಾಳೆಯನ್ನು ಮೇಲಿನ ತುದಿಯಿಂದ ಹಿಡಿದು ತಿರುಗಿಸಬೇಕು, ಎಂಜಲು ಹಚ್ಚಬಾರದು. ಶನಿವಾರ ಸಂಜೆ ನಾನು ಶಿಸ್ತಾಗಿ ಕೈ ತೊಳೆದು ಹೋಗಿ ಕೂರುತ್ತಿದ್ದೆ. ಹಿಮದ ಬೆಟ್ಟಗಳು. ಮಡಿಸಿಟ್ಟ ಸೀರೆಯಂತೆ ಕಾಣುವ ಮರಳುಗಾಡು. ಅಲೆಯೇ ಇಲ್ಲದ ಸರೋವರ. ವಾರವಿಡೀ ಬಯಲನ್ನು ಹೋಳು ಮಾಡಿ ಬಂದವನಿಗೆ ಹೋಳಾಗದ ಬಯಲು ಆ ಪುಸ್ತಕಗಳಲ್ಲಿ ಸಿಗುತ್ತಿತ್ತು. ಒಂದು ವಿಷಯ ಗಮನಿಸಿದ್ದೆ. ಆ ಚಿತ್ರಗಳಲ್ಲಿ ಒಬ್ಬನೇ ಒಬ್ಬ ಮನುಷ್ಯ ಇರುತ್ತಿರಲಿಲ್ಲ. ಅದೇ ಸೌಂದರ್ಯದ ಗುಟ್ಟು ಅಂತ ನನಗೆ ನಾನೇ ತೀರ್ಮಾನಿಸಿಬಿಟ್ಟೆ.

ನನ್ನ ಹುಚ್ಚು ನೋಡಿ ಬಷೀರ್ ಸಾಹೇಬರು ಭಾನುವಾರಕ್ಕೆ ತಮ್ಮ ಹಳೇ ಕ್ಯಾಮೆರಾ ಕೊಡತೊಡಗಿದರು. ನಾನು ಮೊಪೆಡ್ ಹತ್ತಿ ಹೊರಡುತ್ತಿದ್ದೆ. ಹೆಬ್ಬಾಳದಲ್ಲಿ ಆಗ ಫ್ಲೈಓವರ್ ಇರಲಿಲ್ಲ. ಯಲಹಂಕದ ಕಡೆ ಹೋದರೆ ದ್ರಾಕ್ಷಿ ತೋಟ. ಅಬ್ಬಿಗೆರೆಯ ಕಡೆ ಬಂದರೆ ರಾಗಿ ಹೊಲ, ಕೆರೆ, ಬಯಲು. ಈಗ ಕಾರಿನಲ್ಲಿ ಕೂತು ಸಿಗ್ನಲ್ ಕಾಯುವಷ್ಟು ಹೊತ್ತಿನಲ್ಲಿ ಆಗ ಊರೇ ದಾಟಿಬಿಡಬಹುದಿತ್ತು.

ಅಂಥ ಒಂದು ಭಾನುವಾರ ಈ ಹೊಂಗೆ ಮರ ಸಿಕ್ಕಿತು. ಮಂಜು ಇತ್ತು. ಬೆಳಕು ಪುಸ್ತಕದಲ್ಲಿದ್ದ ಹಾಗೇ ಇತ್ತು. ಆದರೆ ಮರದಿಂದ ಹತ್ತು ಹೆಜ್ಜೆ ಎಡಕ್ಕೆ ಒಬ್ಬ ನಿಂತಿದ್ದ. ತಲೆಗೆ ಟವೆಲ್, ಕೈಯಲ್ಲಿ ಕೋಲು.

"ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ?" ಅಂತ ಕೂಗಿದೆ.

ಅವನು ತಿರುಗಿಯೂ ನೋಡಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಇನ್ನೆಲ್ಲೋ ನೋಡುತ್ತಿದ್ದ. ಮತ್ತೆ ಕೂಗಿದೆ. ಊಹೂಂ. ರೋಲಿನಲ್ಲಿ ಉಳಿದಿದ್ದು ಕೊನೆಯ ಒಂದು ಫ್ರೇಮ್. ಮಂಜು ಕರಗುತ್ತಿತ್ತು. ಬೈದುಕೊಂಡೇ ಕ್ಲಿಕ್ ಮಾಡಿದೆ.

ಸಂಜೆ ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ ಬಷೀರ್ ಸಾಹೇಬರು ಆ ಚಿತ್ರ ನೋಡಿ, "ವಾಹ್!" ಅಂದರು. ನಾನು, "ಎಡಗಡೆ ಕಟ್ ಮಾಡಿ ಸಾಹೇಬ್ರೆ. ಆ ಮನುಷ್ಯ ಬೇಡ" ಅಂದೆ. (ಪ್ರಿಂಟ್ ಹಾಕುವಾಗ ಬೇಡದ ಭಾಗ ಬಿಟ್ಟುಬಿಡಬಹುದು. ನೆಗೆಟಿವ್‌ನಲ್ಲಿ ಮಾತ್ರ ಎಲ್ಲವೂ ಹಾಗೇ ಇರುತ್ತದೆ.)

"ಯಾಕೆ? ಪಾಪ, ಅವನ ಪಾಡಿಗೆ ಅವನು ನಿಂತಿದ್ದಾನೆ."

"ಇದು ಲ್ಯಾಂಡ್‌ಸ್ಕೇಪ್. ಇದರಲ್ಲಿ ಜನ ಇರಬಾರದು."

ಅವರು ವಾದ ಮಾಡಲಿಲ್ಲ. ಹೊರಗೆ ಹೋಗಿ ಶೆಲ್ಫಿನಿಂದ ಒಂದು ಪುಸ್ತಕ ತಂದರು. ನಾನು ಯಾವತ್ತೂ ಮುಟ್ಟದ ಪುಸ್ತಕ. ಯಾವುದೋ ದೇಶದಲ್ಲಿ ರೈಲು ಹಳಿಯ ಪಕ್ಕ ಬದುಕುವ ಕೂಲಿ ಕುಟುಂಬಗಳ ಚಿತ್ರಗಳು. ಡಾಕ್ಯುಮೆಂಟರಿ ಫೋಟೊಗ್ರಫಿ.

"ಇದನ್ನ ಒಂದ್ಸಲ ನೋಡು. ಆಮೇಲೆ ಕಟ್ ಮಾಡೋಣ."

"ಅದು ಬೇರೆ, ಇದು ಬೇರೆ ಸಾಹೇಬ್ರೆ. ಕಟ್ ಮಾಡಿ."

ಮಾಡಿದರು. ಸ್ಪರ್ಧೆಗೆ ಕಳಿಸಿದೆ. ಹೆಸರು ಬೇರೆ ಇಟ್ಟಿದ್ದೆ, 'ಏಕಾಂತ' ಅಂತ. ಇಪ್ಪತ್ನಾಲ್ಕರಲ್ಲಿ ಇಂಥ ಹೆಸರಿಡದೆ ಇನ್ಯಾವಾಗ ಇಡುವುದು?

ಕೆಲವು ತಿಂಗಳ ನಂತರ ಒಂದು ಶನಿವಾರ ಜೋರು ಮಳೆ. ಸ್ಟುಡಿಯೋದಲ್ಲಿ ಸಿಕ್ಕಿಬಿದ್ದಿದ್ದೆ. ಬೆಟ್ಟ, ಮರಳುಗಾಡು ಎಲ್ಲ ಬಾಯಿಪಾಠವಾಗಿದ್ದವು. ಬೇಜಾರಿಗೆ ಆ ರೈಲಿನ ಪುಸ್ತಕ ತೆಗೆದೆ. ಒಂದು ಚಿತ್ರದಲ್ಲಿ ಹಳಿಯ ಪಕ್ಕ ಒಬ್ಬ ತಾಯಿ ಮಗಳ ತಲೆ ಬಾಚುತ್ತಿದ್ದಾಳೆ. ಹಿಂದೆ ರೈಲು ಹೋಗುತ್ತಿದೆ. ರೈಲು ಮಸುಕು. ಬಾಚಣಿಗೆಯ ಒಂದೊಂದು ಹಲ್ಲೂ ಸ್ಪಷ್ಟ. ತಾಯಿ, ಮಗಳು ಇಬ್ಬರೂ ರೈಲಿನ ಕಡೆ ನೋಡುತ್ತಿಲ್ಲ. ದಿನಾ ಹೋಗುವ ರೈಲನ್ನು ಯಾರು ನೋಡುತ್ತಾರೆ?

ನಮ್ಮಮ್ಮ ನನ್ನ ತಂಗಿಯ ತಲೆ ಬಾಚುತ್ತಿದ್ದದ್ದು ನೆನಪಾಯಿತು. ಅಮ್ಮನ ಅಂಥದ್ದೊಂದು ಫೋಟೊ ನನ್ನ ಹತ್ತಿರ ಇಲ್ಲವಲ್ಲ ಅನ್ನಿಸಿತು. ಮಳೆ ನಿಂತರೂ ನಾನು ಏಳಲಿಲ್ಲ.

ಅಲ್ಲಿಂದ ನನ್ನ ಕಣ್ಣು ಬೇರೆಯಾಯಿತು. ಕ್ಯಾಮೆರಾ ಬಹಳ ದಿನ ನಡೆಯಲಿಲ್ಲ, ಬರವಣಿಗೆ ಹಿಡಿದುಕೊಂಡೆ. ಆದರೆ ಇಷ್ಟು ವರ್ಷ ಈ ಅಂಕಣದಲ್ಲಿ ನೀವು ಕಂಡ ಬಸ್ ಕಂಡಕ್ಟರು, ಇಸ್ತ್ರಿಯವರು, ಹೂ ಕಟ್ಟುವವರು, ಎಲ್ಲರೂ ಬಂದದ್ದು ಆ ಪುಸ್ತಕದ ಬಾಗಿಲಿನಿಂದಲೇ. ಹತ್ತಿರ ಇರುವವರನ್ನು ನೋಡುವುದನ್ನು ನನಗೆ ಕಲಿಸಿದ್ದು ಅದು.

ಹಾಗಾದರೆ ಗೋಡೆಯ ಮೇಲಿನ ಫೋಟೊ? ಅದನ್ನು ಸರಿಮಾಡಬೇಕು ಅಂತ ಒಮ್ಮೆಯೂ ಅನ್ನಿಸಲಿಲ್ಲವೇ? ಇಲ್ಲ ಸ್ವಾಮಿ. ಬಹುಮಾನ ಬಂದಿತ್ತಲ್ಲ!

ಪಿಳ್ಳಮ್ಮ ಬಂದುಹೋದ ಮರುದಿನವೇ ಆರ್.ಟಿ. ನಗರಕ್ಕೆ ಹೊರಟೆ. ನೆಗೆಟಿವ್ ನನ್ನ ಹತ್ತಿರ ಇರಲಿಲ್ಲ. ಇದ್ದರೆ ಬಷೀರ್ ಸಾಹೇಬರ ಹತ್ತಿರ ಇರಬೇಕು. ಅವರು ಇದ್ದಾರೋ ಇಲ್ಲವೋ, ಅದೂ ಗೊತ್ತಿಲ್ಲ. ಹತ್ತು ಹನ್ನೆರಡು ವರ್ಷದಿಂದ ಆ ಕಡೆ ಹೋಗಿರಲಿಲ್ಲ. ಒಂದೇ ಊರಿನಲ್ಲಿದ್ದುಕೊಂಡು! ನಾವೆಲ್ಲ ಹೀಗೇ ಅಲ್ಲವೇ? ದೂರದ ಊರಿನವರನ್ನು ವರ್ಷಕ್ಕೊಮ್ಮೆ ನೋಡುತ್ತೇವೆ, ಹತ್ತು ಮೈಲಿಯಲ್ಲಿರುವವರನ್ನು ಮರೆಯುತ್ತೇವೆ.

ಸ್ಟುಡಿಯೋ ಜಾಗದಲ್ಲಿ ಜೆರಾಕ್ಸ್ ಅಂಗಡಿ ಇತ್ತು. ಆನ್‌ಲೈನ್ ಅರ್ಜಿ, ಲ್ಯಾಮಿನೇಶನ್, ಐದು ನಿಮಿಷದಲ್ಲಿ ಪಾಸ್‌ಪೋರ್ಟ್ ಫೋಟೊ. ಕೌಂಟರಿನಲ್ಲಿದ್ದ ಹೆಂಗಸು ನನ್ನನ್ನೇ ಒಂದು ಗಳಿಗೆ ನೋಡಿದರು.

"ಮೇಲಿನ ರೂಮಿನ ಅಂಕಲ್ ಅಲ್ವಾ ನೀವು? ನಾನು ನಸ್ರೀನ್."

ಬಷೀರ್ ಸಾಹೇಬರ ಮಗಳು. ನಾನು ಆ ರೂಮಿನಲ್ಲಿದ್ದಾಗ ಎರಡು ಜಡೆ ಹಾಕಿಕೊಂಡು ಅದೇ ಬೆಂಚಿನ ಮೇಲೆ ಹೋಂವರ್ಕ್ ಬರೆಯುತ್ತಿದ್ದವಳು. ಒಳಗೆ ತಿರುಗಿ, "ಅಬ್ಬಾ, ದೇಖೋ ಕೌನ್ ಆಯಾ!" ಅಂತ ಕೂಗಿದಳು.

ಒಳಗಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಬಷೀರ್ ಸಾಹೇಬರು. ಬಿಳಿ ಗಡ್ಡ. ಕೈ ಸ್ವಲ್ಪ ನಡುಗುತ್ತಿತ್ತು. ಕಣ್ಣು ಮಾತ್ರ ಅದೇ. ನಾನು ಅಪ್ಪಿಕೊಂಡೆ. ನೇರ ವಿಷಯಕ್ಕೇ ಬಂದೆ. ಪಿಳ್ಳಮ್ಮನ ಕಥೆ ಹೇಳಿದೆ.

ಅವರು ಕೊನೆಯವರೆಗೂ ಕೇಳಿದರು. 'ಅವತ್ತೇ ಹೇಳಿದ್ದೆ' ಅಂತ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಸ್ರೀನ್, ಆ ಬಿಸ್ಕೆಟ್ ಡಬ್ಬ ತಗೋ. ಬೇಡ ಅಂದವರ ಡಬ್ಬ."

ಇದೊಂದು ನನಗೆ ಗೊತ್ತಿರಲಿಲ್ಲ. ಸ್ಟುಡಿಯೋಗೆ ಬರುವವರು ಎಷ್ಟೋ ಜನ, "ಈ ಫೋಟೊದಿಂದ ನಮ್ಮ ಭಾವನನ್ನ ತೆಗೀರಿ", "ಈ ಸೊಸೆ ಬೇಡ" ಅಂತ ಹೇಳುತ್ತಿದ್ದರಂತೆ. ಅಂಥ ನೆಗೆಟಿವ್‌ಗಳನ್ನು ಅವರು ಬೇರೆಯಾಗಿಯೇ ಜೋಪಾನ ಮಾಡಿದ್ದರು.

"ಜಗಳ ಆದಾಗ ತೆಗೀರಿ ಅಂತಾರೆ. ಹತ್ತು ವರ್ಷ ಆದ್ಮೇಲೆ ಬಂದು ಎಲ್ಲಿ ಅಂತ ಕೇಳ್ತಾರೆ. ಎಷ್ಟು ಜನ ಬಂದಿದಾರೆ ಗೊತ್ತಾ? ನೀನೇ ಲೇಟು."

ಅವತ್ತು ಸಿಗಲಿಲ್ಲ. ಡಬ್ಬದ ಅರ್ಧ ನೆಗೆಟಿವ್‌ಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಕೆಲವಕ್ಕೆ ಬೂಷ್ಟು. ಮೂರು ಗಂಟೆ ಹುಡುಕಿ ಬರಿಗೈಯಲ್ಲಿ ವಾಪಸ್ ಬಂದೆ. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಕೂತಾಗ, ಸದ್ಯ ಪಿಳ್ಳಮ್ಮನಿಗೆ ಹೇಳಿರಲಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆ ಸಮಾಧಾನದ ಬಗ್ಗೆ ನಾಚಿಕೆಯೂ ಆಯಿತು.

ಎರಡು ದಿನದ ಮೇಲೆ ನಸ್ರೀನ್ ಫೋನ್. "ಅಂಕಲ್, ಸಿಕ್ತು! ಅಬ್ಬಾ ನಿದ್ದೆ ಮಾಡಿಲ್ಲ. ಎಲ್ಲ ಒಂದೊಂದೇ ಬಿಡಿಸಿದ್ರು."

ಓಡಿದೆ. ಒಂದು ಹಳೇ ಕವರ್. ಮೇಲೆ ಉರ್ದುವಿನಲ್ಲಿ ಏನೋ ಬರೆದಿತ್ತು. "ಏನಿದು?" ಅಂದೆ. "ಝಾಡ್, ಆದ್ಮಿ" ಅಂತ ಓದಿದಳು. ಮರ, ಮನುಷ್ಯ. ನಾನು ಏಕಾಂತ ಅಂತ ಕರೆದದ್ದಕ್ಕೆ ಅವರು ಇಟ್ಟ ಹೆಸರು.

ನಸ್ರೀನ್ ಲ್ಯಾಪ್‌ಟಾಪಿನ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಅದರ ಮೇಲೆ ನೆಗೆಟಿವ್ ಇಟ್ಟು ಮೊಬೈಲಿನಲ್ಲಿ ಫೋಟೊ ಹೊಡೆದು, ಬಣ್ಣ ತಿರುವುಮುರುವು ಮಾಡಿದಳು. ಕಪ್ಪು ಬಿಳಿಯಾಯಿತು, ಬಿಳಿ ಕಪ್ಪಾಯಿತು. ಬಂದ! ಅದೇ ಟವೆಲ್, ಅದೇ ಕೋಲು, ಹಣೆಗೆ ಅಡ್ಡ ಹಿಡಿದ ಕೈ. ದೊಡ್ಡದು ಮಾಡಿದೆವು. ಇನ್ನೂ ದೊಡ್ಡದು. ಮುಖ ಬರಲಿಲ್ಲ. ಚೆಲ್ಲಿದ ರಾಗಿಯ ಹಾಗೆ ಬರೀ ಚುಕ್ಕೆಗಳು. ಮುಖ ಕೈಯ ನೆರಳಿನಲ್ಲೇ ಉಳಿದಿತ್ತು.

"ಎಐ ಆ್ಯಪ್‌ಗೆ ಹಾಕಿದ್ರೆ ಕ್ಲಿಯರ್ ಮಾಡುತ್ತೆ" ಅಂದಳು ನಸ್ರೀನ್. ಹಾಕಿದಳು. ಅರ್ಧ ನಿಮಿಷದಲ್ಲಿ ಒಂದು ಮುಖ ಬಂತು. ತೀಡಿದ ಮೀಸೆ, ಹೊಳೆಯುವ ಕಣ್ಣು, ಧಾರಾವಾಹಿಯ ಅಣ್ಣನ ಹಾಗೆ.

ಬಷೀರ್ ಸಾಹೇಬರು ಬಗ್ಗಿ ನೋಡಿದರು. "ಇದು ಯಾರು?"

"ಅದೇ... ಊಹೆ ಮಾಡಿ ಮಾಡುತ್ತೆ ಅಬ್ಬಾ."

"ಅಳಿಸು. ಆ ಹೆಂಗಸಿಗೆ ಬೇರೆ ಯಾರನ್ನೋ ಗಂಡ ಅಂತ ಕೊಡ್ತೀಯಾ?"

ಅಳಿಸಿದಳು. ಏನೂ ಕತ್ತರಿಸದೆ, ಏನೂ ಸೇರಿಸದೆ, ಇಡೀ ಫ್ರೇಮನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆವು. ಹೊರಡುವಾಗ ನಾನು ಬೆಂಚಿನ ಮೇಲಿನ ಗೋಡೆ ನೋಡಿದೆ. ಶೆಲ್ಫ್ ಇರಲಿಲ್ಲ. ಪುಸ್ತಕಗಳನ್ನೆಲ್ಲ ಕೇಳಿದವರಿಗೆ ಕೊಟ್ಟುಬಿಟ್ಟರಂತೆ. "ನೋಡಿ ಮುಗಿದಿತ್ತು. ಬೇರೆಯವರು ನೋಡ್ಲಿ" ಅಂದರು. ಆ ರೈಲಿನ ಪುಸ್ತಕ ಯಾರ ಮನೆಯಲ್ಲಿದೆಯೋ! ನಿಮ್ಮಲ್ಲೇ ಯಾರ ಹತ್ತಿರವಾದರೂ ಇದ್ದರೆ, ದಯವಿಟ್ಟು ಕೈ ತೊಳೆದುಕೊಂಡು ತೆಗೆಯಿರಿ.

ಭಾನುವಾರ ಬೆಳಿಗ್ಗೆ ಪಿಳ್ಳಮ್ಮನ ಮನೆಗೆ ಹೋದೆ. ಭಾಗ್ಯ ಹೊಲಿಗೆ ಮಿಷನ್ ಬಿಟ್ಟು ಎದ್ದು ಬಂದಳು. ಮೊದಲು ಪೂರ್ತಿ ತಪ್ಪೊಪ್ಪಿಕೊಂಡೆ. ಆವತ್ತು ನಾನು ಕೂಗಿದ್ದು, ಅವರು ಸರಿಯದಿದ್ದದ್ದು, ನಾನು ತೆಗೆಸಿಹಾಕಿದ್ದು. "ಮುಖ ಕಾಣಲ್ಲ ಪಿಳ್ಳಮ್ಮ. ಅವರೇ ಹೌದೋ ಅಲ್ವೋ ಅದೂ ನನಗೆ ಗೊತ್ತಿಲ್ಲ. ನೀವೇ ನೋಡಿ" ಅಂತ ಹೇಳಿ ಫೋಟೊ ಕೊಟ್ಟೆ.

ಪಿಳ್ಳಮ್ಮ ಕಿಟಕಿಯ ಹತ್ತಿರ ಹೋದರು. ಫೋಟೊವನ್ನು ದೂರ ಹಿಡಿದರು, ಹತ್ತಿರ ತಂದರು. ಭಾಗ್ಯ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ಒಂಟಿಗಾಲ್ನಾಗೆ ನಿಂತವ್ನೆ" ಅಂದರು ಪಿಳ್ಳಮ್ಮ.

ನಾನು ಗಮನಿಸಿಯೇ ಇರಲಿಲ್ಲ. ನಿಜ. ಕೋಲಿನ ಮೇಲೆ ಭಾರ ಬಿಟ್ಟು, ಒಂದು ಪಾದವನ್ನು ಇನ್ನೊಂದು ಮೊಣಕಾಲಿಗೆ ಒತ್ತಿಕೊಂಡು, ಕೊಕ್ಕರೆಯ ಹಾಗೆ.

"ಯಾವಾಗ್ಲೂ ಇಂಗೇಯಾ. ಬಿದ್ದೋಗ್ತೀಯ ಕಣಯ್ಯಾ ಅಂತ ಬಯ್ದಿವ್ನಿ. ಆವಯ್ಯನೇ. ಇನ್ಯಾರು ನಿಂತ್ಕತಾರೆ ಇಂಗೆ?"

ಭಾಗ್ಯ ಹತ್ತಿರ ಬಂದು ಅಮ್ಮನ ಭುಜದ ಮೇಲಿನಿಂದ ಬಗ್ಗಿದಳು. ಮುಖವಿಲ್ಲದ ಅಪ್ಪನನ್ನು ನೋಡಿದಳು. ಗೊತ್ತಿದ್ದೋ ಗೊತ್ತಿಲ್ಲದೆಯೋ, ತನ್ನ ಒಂದು ಪಾದವನ್ನು ಎತ್ತಿ ಇನ್ನೊಂದು ಕಾಲಿಗೆ ಒತ್ತಿಕೊಂಡಳು. ಹಾಗೇ ನಿಂತಳು.

ಪಿಳ್ಳಮ್ಮ ಇನ್ನೂ ಫೋಟೊ ನೋಡುತ್ತಿದ್ದರು. ಅವರ ಬೆರಳು ಗಂಡನಿಂದ ಎಡಕ್ಕೆ, ಬದುವಿನ ಗುಂಟ ನಿಧಾನಕ್ಕೆ ಹೋಯಿತು. ಫೋಟೊದ ಅಂಚಿನಲ್ಲಿ, ಮಂಜಿನೊಳಗೆ ಒಂದು ಕಪ್ಪು ಚುಕ್ಕೆ ಇತ್ತು. ನಾನು ಅದನ್ನು ಗಿಡ ಅಂದುಕೊಂಡಿದ್ದೆ. ಬಷೀರ್ ಸಾಹೇಬರೂ, ನಸ್ರೀನೂ.

"ಇವ್ಳು ನಾನು" ಅಂದರು.

"ಅಮ್ಮಾ?"

"ನಾನೇ ಕಣೇ. ತಲೆ ಮ್ಯಾಲೆ ಪುಟ್ಟಿ ಕಾಣಾಕಿಲ್ವಾ? ದಿನಾ ಈ ಒತ್ತಿಗೆ ಹಿಟ್ಟು ತಕಂಡ್ ಓಗ್ತಿದ್ದೆ. ತಡ ಆದ್ರೆ ಸಾಕು, ಇಂಗೇ ಕೈ ಅಡ್ಡ ಹಿಡ್ಕಂಡು ದಾರಿ ನೋಡಾನು."

ಹಾಗಾದರೆ ಅವತ್ತು ಅವನಿಗೆ ನನ್ನ ಕೂಗು ಕೇಳಿಸಲಿಲ್ಲ ಅಂತಲ್ಲ. ನೋಡುವುದಕ್ಕೆ ನನಗಿಂತ ದೊಡ್ಡದು ಅವನಿಗಿತ್ತು. ನಾನು ಒಬ್ಬರನ್ನಲ್ಲ, ಇಬ್ಬರನ್ನು ತೆಗೆದುಹಾಕಿದ್ದೆ. ಉಳಿದ ಮರಕ್ಕೆ ಏಕಾಂತ ಅಂತ ಹೆಸರಿಟ್ಟು ಬಹುಮಾನ ಹೊಡೆದಿದ್ದೆ.

ಭಾಗ್ಯ ಕಣ್ಣೊರೆಸಿಕೊಂಡು, ಒಳಗಿನಿಂದ ಕಾಫಿ ತಂದುಕೊಟ್ಟು, ಸಂಕೋಚದಿಂದ ಕೇಳಿದಳು:

"ಸಾರ್, ಇನ್ನೊಂದು ಕಾಪಿ ಮಾಡಿಸ್ಬಹುದಾ? ಹಿರಿಯರ ಹಬ್ಬಕ್ಕೆ ನಾವು ಅಪ್ಪನ ಹೆಸರಲ್ಲಿ ಬರೀ ಪಂಚೆ, ಟವೆಲ್ ಇಟ್ಟು ಎಡೆ ಹಾಕ್ತಿದ್ವಿ. ಈ ವರ್ಷ ಫೋಟೊ ಇಡೋಣ ಅಂತ. ಆದ್ರೆ ಬದುಕಿರೋರ ಫೋಟೊಗೆ ಹೂವ ಹಾಕ್ಬಾರ್ದಲ್ವಾ? ಅಮ್ಮನ್ನ ಬಿಟ್ಟು ಅಪ್ಪನ್ನ ಮಾತ್ರ ಕಟ್ ಮಾಡಿಸಿಕೊಡ್ತೀರಾ?"

ನ್ಯಾಯವಾದ ಮಾತೇ. ನಾನು ಪಿಳ್ಳಮ್ಮನ ಕಡೆ ನೋಡಿದೆ. ಅವರು ಫೋಟೊವನ್ನು ಮಡಿಲಲ್ಲಿ ಇಟ್ಟುಕೊಂಡು, ಮಗಳನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿ ಕೇಳಿದರು:

"ನನ್ನೇ ಕತ್ತರ್ಸಾಕ್ಬುಟ್ರೆ, ಆವಯ್ಯ ಯಾರ್ ದಾರಿ ನೋಡ್ಕಂಡ್ ನಿಂತಿರ್ಬೇಕು?"